ಉಪ್ಪಿನ ದಡ

ಪಕ್ಕೆಗೆ ಪಿಸ್ತೂಲು ಒತ್ತಿತ್ತು.

"ನಿಧಾನ ಮಾಡ್ಬೇಡ, ನೆಲ್ಸನ್. ಓಡಿಸ್ತಾ ಇರು!"

ಓಡಿಸುತ್ತಿದ್ದೆ. ಸ್ವೀಡನ್ನಿನ ಲುಲೆಯೊದಲ್ಲಿ ಸಮುದ್ರ ಹೆಪ್ಪುಗಟ್ಟಿದ ಮೇಲೆ ಕೊಮ್ಯೂನ್‌ನವರು, ಅಂದರೆ ನಗರಸಭೆಯವರು, ಅದರ ಮೇಲೆಯೇ ರಸ್ತೆ ಮಾಡಿಕೊಡುತ್ತಾರೆ. ನಾವಿದ್ದದ್ದು ಆ ಐಸ್ ರಸ್ತೆಯಲ್ಲಿ. ಮಾರ್ಚ್ ತಿಂಗಳ ಮಧ್ಯಾಹ್ನ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಗುಂಡು ಹಾರಿದರೂ ಕೇಳುವವರಿಲ್ಲ ಎಂದೇ ಉಮಾಕಾಂತ ನನ್ನನ್ನು ಇಲ್ಲಿಗೆ ತಂದಿದ್ದ.

ಸ್ವೀಡನ್ನಿನಲ್ಲಿ ನಮ್ಮವರು ಎಲ್ಲಾದರೂ ಸಿಕ್ಕಿಬಿದ್ದರೆ ಬಿಡಿಸಿ ತರುವುದು ನನ್ನ ಕಸುಬು. ಈ ಸಲ ಸಿಕ್ಕಿಬಿದ್ದವಳು ನನ್ನ ಒಬ್ಬಳೇ ತಂಗಿ... ಸಿಂಥಿಯಾ.

ಅವಳಿದ್ದದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ಆಂಡಿಸ್ ಪರ್ವತಗಳ ಮೇಲೆ, ಹನ್ನೆರಡು ಸಾವಿರ ಅಡಿ ಎತ್ತರದ ಉಪ್ಪಿನ ಬಯಲಿನಲ್ಲಿ. ಒಬ್ಬಳೇ, ಜೀಪಿನಲ್ಲಿ! ಆ ಉಪ್ಪಿನ ಕೆಳಗೆ ಲಿಥಿಯಂ ತುಂಬಿದೆ ಎಂದು ಉಮಾಕಾಂತನ ಕಂಪನಿ ಊರೆಲ್ಲ ಡಂಗುರ ಸಾರಿತ್ತು. ಅವನ ಜಿಯಾಲಜಿಸ್ಟ್ ಸಿಂಥಿಯಾ. ಅವಳು ಕೊರೆದು ತೆಗೆದ ಸ್ಯಾಂಪಲ್‌ಗಳಲ್ಲಿ ಮಣ್ಣಂಗಟ್ಟಿಯೂ ಇರಲಿಲ್ಲ. ಅದನ್ನು ಬಾಯಿಬಿಡುತ್ತೇನೆ ಎಂದಳು. ಈಗ ಅವನ ಜನ ಅವಳ ಬೆನ್ನು ಹತ್ತಿದ್ದರು.

ಡ್ಯಾಶ್‌ಬೋರ್ಡಿನ ಮೇಲೆ ಸ್ಪೀಕರ್‌ಗೆ ಹಾಕಿದ್ದ ಫೋನು ಕಿರುಚಿತು.

"ಅಣ್ಣಾ... ಏನೂ ಕಾಣ್ತಾ ಇಲ್ಲ!" ಸಿಂಥಿಯಾ ಏದುಸಿರು ಬಿಡುತ್ತಿದ್ದಳು. ಅಲ್ಲಿನ ಗಾಳಿಯೇ ತೆಳು. "ಉಪ್ಪಿನ ಮೇಲೆ ಮಳೆನೀರು ನಿಂತಿದೆ. ಮೇಲೂ ಆಕಾಶ, ಕೆಳಗೂ ಆಕಾಶ. ಡೀಸೆಲ್ ಮುಗೀತಾ ಬಂತು!"

ಕೊಂಕಣಿಯಲ್ಲಿ ಬಾಯಿ ತೆರೆದೆ. ಪಿಸ್ತೂಲು ತಿವಿಯಿತು.

"ಕನ್ನಡದಲ್ಲಿ! ನನಗೂ ಅರ್ಥ ಆಗ್ಬೇಕು. ಅವಳನ್ನ ಒಂದ್ಕಡೆ ನಿಲ್ಸು. ನಿನ್ನ ಮಾತು ಮಾತ್ರ ಕೇಳ್ತಾಳೆ."

ನಿಲ್ಲಿಸಿದರೆ ಅವಳು ಹೋದಳು. ನಿಲ್ಲಿಸದಿದ್ದರೆ ನಾನು ಹೋದೆ... ಆಮೇಲೆ ಅವಳೂ!

ಆದರೆ ಒಂದು ಮಾತು. ಈ ಕಸುಬಿಗೆ ಇಳಿಯುವ ಮೊದಲು ಆ ಬಯಲಿನಲ್ಲಿ ನಾನು ಎರಡು ವರ್ಷ ಸರ್ವೆ ಗಾಡಿ ಓಡಿಸಿದವನು.

"ಸಿಂಥಿಯಾ, ಗುಡ್ಡ ಏನಾದ್ರೂ ಕಾಣ್ತದಾ?"

"ಕಪ್ಪಗೆ ಏನೋ ಇದೆ..."

"ಅದು ದ್ವೀಪ. ಹಳೇ ಜ್ವಾಲಾಮುಖಿಯ ತಲೆ. ಅಲ್ಲಿಗೆ ಹೋಗಿ ನಿಲ್ಲು."

ಉಮಾಕಾಂತನ ತೊಡೆಯ ಮೇಲೆ ಲ್ಯಾಪ್‌ಟಾಪ್. ಅದರಲ್ಲಿ ಅವನ ಜನರ ಗಾಡಿ ಕೆಂಪು ಚುಕ್ಕೆ.

"ನನ್ನ ಹುಡುಗ್ರು ದಡದ ರಸ್ತೆಯಲ್ಲಿದ್ದಾರೆ. ಬೇಗ ದ್ವೀಪ ಸೇರೋದು ಹೇಗೆ?"

"ಒಳಗೆ ಇಳಿಯೋಕೆ ಕಲ್ಲು ಹಾಸಿದ ದಾರಿ ಇದೆ. ಸುತ್ತಿ ಬರ್ಬೇಕು."

"ಸುತ್ತೋದ್ಯಾಕೆ? ಇದ್ದಲ್ಲಿಂದ್ಲೇ ನೇರ ಇಳಿದ್ರಾಯ್ತು." ಅವನು ಕಿಟಕಿಯಾಚೆಯ ಐಸ್ ನೋಡಿದ. "ದಡದ ಹತ್ರ ಯಾವತ್ತೂ ಸೇಫ್ ಅಲ್ವಾ?"

ಲುಲೆಯೊದಲ್ಲಿ ನಾಲ್ಕು ಚಳಿಗಾಲ ಕಳೆದವನ ಬುದ್ಧಿ! ಐಸ್ ಮೇಲಾದರೆ ದಡ ಹತ್ತಿರವಿದ್ದಷ್ಟೂ ಕ್ಷೇಮ.

"ನೀವೇ ಬಾಸ್," ಎಂದೆ.

ಅವನು ಇನ್ನೊಂದು ಫೋನಿನಲ್ಲಿ ಆರ್ಡರ್ ಕೊಟ್ಟ.

ನಾನು ಅವನನ್ನು ತಡೆಯದೆ ಇದ್ದದ್ದು ಇದಕ್ಕೇ. ಆ ಬಯಲು ಬತ್ತಿಹೋದ ಸರೋವರ. ನಡುವೆ ಉಪ್ಪು ಆಳುಗಟ್ಟಲೆ ದಪ್ಪ, ಲಾರಿ ಹೋದರೂ ಅಲುಗದು. ದಡದಲ್ಲಿ ಹಾಗಲ್ಲ. ನದಿಗಳು ತಂದು ಸುರಿದ ಕೆಸರು, ಅದರ ಮೇಲೆ ಹಪ್ಪಳದಷ್ಟು ಉಪ್ಪು.

ಕೆಂಪು ಚುಕ್ಕೆ ಇಳಿಯಿತು. ತೆವಳಿತು... ನಿಂತೇಬಿಟ್ಟಿತು! ಅವನ ಇನ್ನೊಂದು ಫೋನು ಅರಚಿತು.

"ಸರ್, ಗಾಡಿ ಹೂತೋಯ್ತು! ಡೋರ್ ತೆಗಿಯೋಕೂ ಆಗ್ತಿಲ್ಲ!"

ಪಿಸ್ತೂಲು ನನ್ನ ಕಪಾಲಕ್ಕೆ ಬಂತು.

"ನಿಂಗೆ ಗೊತ್ತಿತ್ತು!"

"ಗೊತ್ತಿತ್ತು. ಒಮ್ಮೆ ಹೊರಗೆ ನೋಡಿ."

ಅವನು ಚುಕ್ಕೆ ನೋಡುತ್ತಿದ್ದಾಗ ನಾನು ಐಸ್ ರಸ್ತೆ ಬಿಟ್ಟಿದ್ದೆ. ನದಿ ಸಮುದ್ರಕ್ಕೆ ಸೇರುವ ಜಾಗ. ಸೆಳೆತಕ್ಕೆ ಐಸ್ ಸವೆದಿರುತ್ತದೆ. ಕಾರು ನಿಲ್ಲಿಸಿದೆ. ಕೆಳಗೆ ಏನೋ ನರಳಿತು.

"ಐಸ್ ಮೇಲೆ ಸೀಟ್ ಬೆಲ್ಟ್ ಹಾಕ್ಬಾರ್ದು ಅಂತ ನಾಲ್ಕು ಚಳಿಗಾಲದಲ್ಲಿ ನಿಮಗೆ ಯಾರೂ ಹೇಳ್ಲಿಲ್ವಾ?"

ಚಟಾರ್! ಐಸ್ ಬಿರುಕು ಬಿಟ್ಟಿತು.

ಅವನು ಪಿಸ್ತೂಲು ಬಿಟ್ಟು ಎರಡೂ ಕೈಯಲ್ಲಿ ಬೆಲ್ಟಿಗೆ ತಡಕಾಡಿದ. ನಾನು ಪಿಸ್ತೂಲು ಎತ್ತಿಕೊಂಡೆ.

"ಅಣ್ಣಾ! ದ್ವೀಪ ಸಿಕ್ತು! ಇಲ್ಲಿ ಟೂರಿಸ್ಟ್ ಬಸ್ಸಿದೆ, ಜನ ಇದ್ದಾರೆ... ನೀನೆಲ್ಲಿದ್ದಿ?"

ಕಣ್ಣು ತುಂಬಿ ಬಂತು. ಮೆಲ್ಲಗೆ ರಿವರ್ಸ್ ಗೇರ್ ಹಾಕಿದೆ.

"ದಡಕ್ಕೆ ಹೋಗ್ತಾ ಇದ್ದೇನೆ, ಮಾರಾಯ್ತಿ. ಇಲ್ಲಿ ದಡ ಅಂದ್ರೆ ಇನ್ನೂ ದಡವೇ!"