ಒಂದು ಲಾರಿಗೆ ಒಂದು ತುತ್ತು

“ಶ್... ಮಾದು, ಮೆಲ್ಲಗೆ,” ಎಂದು ಶಿವರಂಜನಿ ತಮ್ಮನ ಕೈಯಿಂದ ಚಮಚ ಕಿತ್ತುಕೊಂಡಳು.

ಎರಡೂವರೆ ವರ್ಷದ ಮಾದೇಶ ಸ್ಟೀಲ್ ಲೋಟ ಹಿಡಿದುಕೊಂಡ. ಟೇಬಲ್ ಮೇಲೆ ಟಣ್ ಟಣ್ ಎಂದು ಬಡಿಯತೊಡಗಿದ. ರಂಜನಿ ಲೋಟವನ್ನೂ ಕಿತ್ತುಕೊಂಡಳು. ಈಗ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಬಾಯಿ ಮಾತ್ರ ಉಳಿಯಿತು. ಅದನ್ನು ತೆರೆದ.

ಅವರು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದರು. ಚಾಮರಾಜನಗರದಿಂದ ಬಂದು ಗುಂಡ್ಲುಪೇಟೆಯಲ್ಲಿ ಇಳಿದಾಗ ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿತ್ತು. ತಿಂಡಿ ತಿನ್ನೋಣ ಎಂದು ಅಮ್ಮ ರಸ್ತೆ ಬದಿಯ ಈ ಹೋಟೆಲಿಗೆ ಕರೆದುಕೊಂಡು ಬಂದಿದ್ದಳು.

ಮಾದು ಇವತ್ತು ಗಲಾಟೆ ಮಾಡಲೇಬಾರದಿತ್ತು.

ಅಮ್ಮ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನರ್ಸ್. ಎಲ್ಲರೂ ಇರುವುದು ಅಲ್ಲೇ. ರಜೆಗೆಂದು ಅಜ್ಜಿಯ ಊರು ಚಂದಕವಾಡಿಗೆ ಬಂದಿದ್ದರು. ವಾಪಸ್ ಹೋದ ಮೇಲೆ ರಂಜನಿಯ ಬರ್ತ್‌ಡೇ. ಗೆಳತಿ ಲೇನಾಳನ್ನು ಕರೆದುಕೊಂಡು ಮನೆಯ ಹತ್ತಿರದ ನೂಡಲ್ಸ್ ಹೋಟೆಲಿಗೆ ಹೋಗಬೇಕು ಎಂದು ಅವಳಿಗೆ ತುಂಬಾ ಆಸೆ.

ಆದರೆ ಹೋದ ಸಲ ಅದೇ ಹೋಟೆಲಿನಲ್ಲಿ ಮಾದು ನೂಡಲ್ಸ್ ಎಸೆದು ಕಿರುಚಿದ್ದ. ಪಕ್ಕದ ಟೇಬಲಿನ ತಾತ ಏನೂ ಅನ್ನಲಿಲ್ಲ. ಫೋರ್ಕ್ ಕೆಳಗಿಟ್ಟು ಸುಮ್ಮನೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತ್ತು ರಂಜನಿಗೆ. ಅಮ್ಮ ಮುಖ ಕೆಂಪಗೆ ಮಾಡಿಕೊಂಡು, ಎಲ್ಲವನ್ನೂ ಪ್ಯಾಕ್ ಮಾಡಿಸಿ ಹೊರಟೇಬಿಟ್ಟಳು. ಮನೆಗೆ ಬಂದು ತಣ್ಣಗಾದ ನೂಡಲ್ಸ್ ತಿಂದದ್ದಾಯಿತು. ಇವನು ದೊಡ್ಡವನಾಗುವವರೆಗೆ ಹೋಟೆಲಿನ ಸಹವಾಸವೇ ಬೇಡ ಎಂದು ಅಮ್ಮ ಅವತ್ತೇ ಹೇಳಿದ್ದಳು.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ರಂಜನಿ ಮತ್ತೆ ಕೇಳಿದಾಗ ಅಮ್ಮ ಸ್ವಲ್ಪ ಮೆತ್ತಗಾಗಿದ್ದಳು. ದಾರಿಯಲ್ಲಿ ತಿಂಡಿಗೆ ಕೂತಾಗ ಮಾದು ಹೇಗಿರುತ್ತಾನೋ ನೋಡಿಕೊಂಡು ಹೇಳುತ್ತೇನೆ ಎಂದಿದ್ದಳು.

ಅಷ್ಟರಲ್ಲಿ ಎರಡು ದೋಸೆ, ಒಂದು ಪ್ಲೇಟ್ ಇಡ್ಲಿ ಬಂದವು. ಅಮ್ಮ ಇಡ್ಲಿ ಮುರಿದು ಬಾಯಿಗಿಡಲು ಹೋದರೆ ಮಾದು ಮುಖ ತಿರುಗಿಸಿ ಕಿರುಚಿದ. ಆಮೇಲೆ ಜಾರಿ ಟೇಬಲ್ ಕೆಳಗೆ ಸೇರಿಕೊಂಡ. ರಂಜನಿ ಬಗ್ಗಿ ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಯಾರು ಫೋರ್ಕ್ ಕೆಳಗಿಟ್ಟು ನೋಡುತ್ತಿರಬಹುದು ಎಂದು ಹೆದರಿ ಸುತ್ತ ಕಣ್ಣಾಡಿಸಿದಳು.

ಇಲ್ಲಿ ಯಾರ ಕೈಯಲ್ಲೂ ಫೋರ್ಕ್ ಇರಲಿಲ್ಲ. ಒಬ್ಬರು ಫೋನಿನಲ್ಲಿ ಮಾದುಗಿಂತ ಜೋರಾಗಿ ಟೊಮೆಟೊ ರೇಟು ಕೂಗುತ್ತಿದ್ದರು. ಪಕ್ಕದ ಟೇಬಲಿನ ಅಜ್ಜಿ ಮಾತ್ರ ಇವರನ್ನೇ ನೋಡುತ್ತಿದ್ದರು. ಕಾಲ ಬಳಿ ಹುರುಳಿಕಾಯಿಯ ಚೀಲ ಇತ್ತು. ಅವರ ಕಾಫಿ ಮುಗಿದಿತ್ತು.

“ಕೂಸ ಇತ್ತಗೆ ಕೊಡಮ್ಮಿ,” ಎಂದರು ಅಜ್ಜಿ. “ನೀವಿಬ್ರೂ ತಿನ್ನಿ.”

ರಂಜನಿ ತಮ್ಮನನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. “ಬೇಡ ಅಜ್ಜಿ. ಗೊತ್ತಿಲ್ಲದವರ ಹತ್ರ ಅವನು ಹೋಗಲ್ಲ.”

“ಯಾವೂರವ್ವ ನಿಮ್ದು?” ಎಂದು ಅಜ್ಜಿ ಅಮ್ಮನನ್ನು ಕೇಳಿದರು.

“ಚಂದಕವಾಡಿ.”

“ಇನ್ನೇನ್ ಮತ್ತೆ. ನಮ್ ದೊಡ್ಡ ಮಗಳ ಕೊಟ್ಟಿರದು ಅಲ್ಲೇ ಕಣವ್ವ. ಕರಿಯಮ್ಮನ ಮಗಳು ಅಂದ್ರೆ ಯಾರಾದ್ರೂ ಮನೆ ತೋರುಸ್ತಾರೆ.”

ಅಮ್ಮ ನಕ್ಕುಬಿಟ್ಟಳು. ಆ ನಗು ಕಂಡು ರಂಜನಿಯ ಕೈ ತಾನಾಗಿಯೇ ಸಡಿಲವಾಯಿತು.

ಕರಿಯಮ್ಮ ಕೈ ತೊಳೆದು ಬಂದು, ಮಾದುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇಡ್ಲಿ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತರು. ಅಮ್ಮನಿಗೂ ರಂಜನಿಗೂ ಕಾಣುವ ಹಾಗೇ ನಿಂತರು. ಎದುರಿಗೇ ದೊಡ್ಡ ರಸ್ತೆ.

“ನೋಡ್ಲಾ ಮಗ, ಒಂದ್ ಲಾರಿಗೆ ಒಂದ್ ತುತ್ತು. ಲಾರಿ ಇಲ್ಲ ಅಂದ್ರೆ ತುತ್ತೂ ಇಲ್ಲ.”

ಈರುಳ್ಳಿ ಲಾರಿ ಬಂತು. “ಲಾಯೀ!” ಎಂದು ಮಾದು ಬಾಯಿ ಅಗಲಿಸಿದ. ತುತ್ತು ಒಳಗೆ ಹೋಯಿತು. ಅದರ ಹಿಂದೆಯೇ ಕೇರಳದ ಲಾರಿಯೊಂದು ಬಂತು, ಅದರ ಹಿಂದೆ ಇನ್ನೊಂದು.

“ವಸಿ ತಡ್ಕೊಳ್ಳಪ್ಪ ಡ್ರೈವರು,” ಎಂದು ಕರಿಯಮ್ಮ ರಸ್ತೆಗೆ ಕೇಳುವ ಹಾಗೆ ಕೂಗಿದರು. “ನಮ್ಮ ಕೂಸು ಇನ್ನೂ ನುಂಗ್ನಿಲ್ಲ.”

ರಂಜನಿ ದೋಸೆ ಮುರಿದಳು. ಒಳಗಿನಿಂದ ಹಬೆ ಎದ್ದು ಬೆರಳು ಚುರ್ ಎಂದಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಎದುರಿಗೆ ನೋಡಿದಳು. ಅಮ್ಮನ ತಟ್ಟೆಯಿಂದಲೂ ಹಬೆ ಏಳುತ್ತಿತ್ತು. ಅಮ್ಮ ಕಣ್ಣು ಅರ್ಧ ಮುಚ್ಚಿಕೊಂಡು ಅಗಿಯುತ್ತಿದ್ದಳು.

ಮಾದು ಹುಟ್ಟಿದ ಮೇಲೆ ಹೋಟೆಲಿನಲ್ಲಿ ಅಮ್ಮ ಬಿಸಿಯಾಗಿ ಏನಾದರೂ ತಿಂದದ್ದು ಅವಳಿಗೆ ನೆನಪಿರಲಿಲ್ಲ. ಎಲ್ಲರದೂ ಮುಗಿದ ಮೇಲೆಯೇ ಅಮ್ಮನ ಊಟ. ಹೋಟೆಲಿನ ಸಹವಾಸವೇ ಬೇಡ ಎಂದು ಅಮ್ಮ ಅಂದದ್ದು ಬರೀ ಆ ತಾತ ನೋಡಿದ್ದಕ್ಕೆ ಇರಲಿಕ್ಕಿಲ್ಲ.

ರಂಜನಿ ತನ್ನ ಚಟ್ನಿ ಬಟ್ಟಲನ್ನು ಅಮ್ಮನ ಕಡೆ ಸರಿಸಿದಳು.

“ಅಮ್ಮಾ, ಆ ನೂಡಲ್ಸ್ ಹೋಟೆಲಲ್ಲಿ ಕಿಟಕಿ ಪಕ್ಕ ಒಂದು ಟೇಬಲ್ ಇದೆ ಅಲ್ವಾ?”

“ಇದೆ. ಯಾಕೆ?”

“ಅಲ್ಲಿಂದ ಟ್ರಾಮ್ ಕಾಣ್ಸುತ್ತೆ. ಅವನನ್ನ ನಾನು ಕೂರಿಸ್ಕೊತೀನಿ. ನೀನು ಮೊದ್ಲು ತಿನ್ನು.”

ಅಮ್ಮ ಕೈಯಲ್ಲಿದ್ದ ದೋಸೆಯ ಚೂರನ್ನು ಹಾಗೇ ಹಿಡಿದು ಬಾಗಿಲ ಕಡೆ ನೋಡಿದಳು. ಆಮೇಲೆ ಮಗಳನ್ನು ನೋಡಿದಳು.

“ಟ್ರಾಮು ಇಷ್ಟು ಬೇಗ ಬೇಗ ಬರಲ್ವಲ್ಲೇ.”

“ಪರವಾಗಿಲ್ಲ,” ಎಂದಳು ರಂಜನಿ. “ಅವನು ನಿಧಾನಕ್ಕೆ ಅಗೀಲಿ.”

“ಹಾಗಾದ್ರೆ ಲೇನಾಗೂ ಹೇಳಿಡು,” ಎಂದಳು ಅಮ್ಮ. “ಎದ್ದೆದ್ದು ಟ್ರಾಮ್ ನೋಡ್ಬೇಕಾಗುತ್ತೆ ಅಂತ.”

ಬಾಗಿಲಿನಿಂದ ಮತ್ತೆ “ಲಾಯೀ!” ಎಂದು ಕೂಗು ಬಂತು, ಇಡೀ ಹೋಟೆಲಿಗೆ ಕೇಳುವ ಹಾಗೆ. ‘ಶ್’ ಎನ್ನಲು ರಂಜನಿಯ ಬೆರಳು ತುಟಿಯವರೆಗೆ ಹೋಗಿ ಹಿಂದಕ್ಕೆ ಬಂತು.

ಯಾವ ಲಾರಿ ಇರಬಹುದು ಎಂದು ಅವಳೂ ಕತ್ತು ಚಾಚಿ ನೋಡಿದಳು.