ಹೆಣ ಉಸಿರಾಡುತ್ತಿದೆ

"ಹೆಣ ಉಸಿರಾಡ್ತಿದೆ, ಯಜಮಾನ್ರೆ."

ಮಾತು ಬಂದದ್ದು ಕ್ಯಾಮೆರಾದ ಹಿಂದಿನ ಕತ್ತಲೆಯಿಂದ. ಒಲೆ ಮೇಲೆ ಹಾಲು ಉಕ್ಕುತ್ತಿದೆ ಅಂತ ಯಾರಾದರೂ ಹೇಳುತ್ತಾರಲ್ಲ, ಅಷ್ಟೇ ಸಲೀಸಾಗಿ.

ರೈಲಿನ ಬರ್ತಿನ ಮೇಲೆ ಎದೆಗೆ ಚಾಕು ನಾಟಿಸಿಕೊಂಡು ಬಿದ್ದಿದ್ದ ಡಿಲಿಸ್‌ಗೆ ಮೈಯೆಲ್ಲ ಉರಿಯಿತು. ಅವಳ ಮೊದಲ ಸಿನಿಮಾ ಇದು. ವೇಲ್ಸ್‌ನ ಕಲ್ಲಿದ್ದಲ ಊರಿಂದ ಲಂಡನ್ನಿಗೆ ಬಂದು, ಯಾವ್ಯಾವುದೋ ನಾಟಕದಲ್ಲಿ ಟ್ರೇ ಹಿಡಿದು ನಿಂತು, ಕೊನೆಗೂ ಸಿಕ್ಕ ಪಾತ್ರ. ಸ್ಕಾಟ್ಲೆಂಡಿಗೆ ಹೊರಟ ರೈಲಿನಲ್ಲಿ ಕೊಲೆಯಾಗುವ ಹುಡುಗಿ. ರೈಲು ಯಾರ್ಕ್ ದಾಟುವ ಮೊದಲೇ ಸಾಯಬೇಕು, ಆಮೇಲೆ ಸಿನಿಮಾ ಪೂರ್ತಿ ಹೆಣವಾಗಿ ಬಿದ್ದಿರಬೇಕು.

ಅದನ್ನೂ ಸರಿಯಾಗಿ ಮಾಡಗೊಡುವುದಿಲ್ಲವಲ್ಲ ಈ ಮನುಷ್ಯ...

"ನನ್ನ ಕಣ್ಣಿಗೆ ಚೆನ್ನಾಗೇ ಸತ್ತಿದ್ದಾಳಲ್ಲೋ ವಿಲ್ಫ್," ಅಂದರು ನಿರ್ದೇಶಕ ಪೆನ್ರೋಸ್.

"ಕಣ್ಣಿಗೆ ಸರಿ. ಕಿವಿಗೆ ಇನ್ನೂ ಸತ್ತಿಲ್ಲ."

ಸೆಟ್ಟಿನ ತುಂಬ ನಗು. ಡಿಲಿಸ್ ಒಂದು ಕಣ್ಣು ತೆರೆದಳು. "ಹಾಗಿದ್ರೆ ನೀವೇ ಬಂದು ಕತ್ತು ಹಿಸುಕಿಬಿಡಿ. ನಿಮ್ಮ ಕಿವಿಗೂ ನೆಮ್ಮದಿ."

ಅವನು ಕಿವಿಯ ಹೆಡ್‌ಫೋನ್ ಕತ್ತಿಗೆ ಇಳಿಸಿ ನಿಜವಾಗಿಯೂ ಬಂದ. ಧ್ವನಿ ಮುದ್ರಿಸುವ ವಿಲ್ಫ್. ಲ್ಯಾಂಕಶೈರಿನವನು, ಉದ್ದ ಮುಖ, ಮೊಣಕೈಗೆ ತೇಪೆ ಹಾಕಿದ ಸ್ವೆಟರು. ಬೋಗಿಯ ಕಿಟಕಿಯಿಂದ ತಲೆ ಒಳಗೆ ಹಾಕಿ ಮೆಲ್ಲಗೆ ಹೇಳಿದ.

"ಬೋಗಿ ಅಲ್ಲಾಡಿಸೋವಾಗ ಉಸಿರು ಬಿಡಿ. ಮರ ಕಿರುಗುಟ್ಟುತ್ತೆ, ಅದರಲ್ಲಿ ಸೇರಿಹೋಗುತ್ತೆ."

"ಆಗ ನಿಮಗೆ ಕೇಳಿಸಲ್ವಾ?"

"ಕೇಳಿಸುತ್ತೆ. ಹೇಳಲ್ಲ."

ಅವನು ವಾಪಸು ಹೋದ. ಸತ್ತ ಹುಡುಗಿಯ ಎದೆ ಚಾಕುವಿನ ಕೆಳಗೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಅದೂ ಅವನಿಗೆ ಕೇಳಿಸಿತೇನೋ ಅಂತ ಅವಳಿಗೆ ನಾಚಿಕೆಯಾಯಿತು.

*

ಆ ಬೋಗಿಗೆ ಚಕ್ರವಿರಲಿಲ್ಲ. ಕೆಳಗೆ ಸ್ಪ್ರಿಂಗು, ಪಕ್ಕಕ್ಕೊಂದು ಉದ್ದನೆ ತೊಲೆ. ಇಬ್ಬರು ಗಟ್ಟಿ ಆಳುಗಳು ತೊಲೆ ಜಗ್ಗಿದರೆ ರೈಲು ಓಡಿದ ಹಾಗೆ. ಒಂದೇ ಜಾಗದಲ್ಲಿ ನಿಂತ ಆ ರೈಲಿನಲ್ಲಿ ಡಿಲಿಸ್ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿಬಿಟ್ಟಳು.

ಪ್ರತಿ ದೃಶ್ಯ ಮುಗಿದ ಮೇಲೆ ವಿಲ್ಫ್ ಕೈ ಎತ್ತುತ್ತಿದ್ದ. "ಗುಂಯ್ ತಗೋಬೇಕು." ಗುಂಯ್ ಅಂದರೆ ಬರೀ ಮೌನ. ಜಾಗಕ್ಕೊಂದು ಮೌನವಿರುತ್ತದಂತೆ, ಮಾತಿನ ಸಂದುಗಳನ್ನು ತುಂಬಲು ಅದನ್ನೂ ಮುದ್ರಿಸಿಕೊಳ್ಳಬೇಕಂತೆ. ಆ ಅರ್ಧ ನಿಮಿಷ ಯಾರೂ ಕೆಮ್ಮುವಂತಿಲ್ಲ, ಕಾಲು ಬದಲಿಸುವಂತಿಲ್ಲ. ನಿಂತವರು ನಿಂತಲ್ಲೇ.

ಆ ಮೌನದಲ್ಲಿ ಅವನು ಅವಳನ್ನು ನೋಡುತ್ತಿದ್ದ. ಅವಳು ಅವನನ್ನು.

ಆಮೇಲೆ ಚಹಾ, ಮೊಟ್ಟೆ ಸ್ಯಾಂಡ್‌ವಿಚ್ಚಿನಲ್ಲಿ ಪಾಲು. 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಬೋಗಿಯ ಮೆಟ್ಟಿಲ ಮೇಲೆ ಕೂತು ಅವನು ಹೇಳಿದ. "ನ್ಯೂಜಿಲೆಂಡ್ ರೇಡಿಯೋದಲ್ಲಿ ಕೆಲಸ ಕೊಡ್ತೀವಿ ಅಂದಿದ್ದಾರೆ. ಹೋದ್ರೆ ಅಲ್ಲೇ."

ಅವಳ ಕೈಯಲ್ಲಿದ್ದ ಚಹಾ ತಣ್ಣಗಾಯಿತು.

"ಬೇಡ ಅನ್ಲಾ ಡಿಲಿಸ್?"

ಬೇಡ ಅನ್ನು, ಈಗಲೇ ಅನ್ನು, ಅಂತ ಒಳಗೆ ಕೂಗಿಕೊಂಡಳು. ಆದರೆ ಪ್ರಾಯ ನೋಡಿ, ಸ್ವಲ್ಪ ಸತಾಯಿಸುವ ಆಸೆ. "ನಾಳೆ ಹೇಳ್ತೀನಿ, ಹೋಗು."

ಮಾರನೇ ದಿನ ಓಡಿ ಬಂದಳು. ವಿಲ್ಫ್ ತಲೆ ಎತ್ತಲಿಲ್ಲ. ಕಿವಿಯ ಹೆಡ್‌ಫೋನ್ ತೆಗೆಯಲಿಲ್ಲ.

"ಹೇಳಿ," ಅಂದ. "ಏನಾದ್ರೂ ಬೇಕಿತ್ತಾ ನಿಮಗೆ?"

ನಿಮಗೆ... ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋಗಿಬಿಟ್ಟ. ಅಂದಿನಿಂದ ಗುಂಯ್ ಹೊತ್ತಿನಲ್ಲೂ ಅವನ ಕಣ್ಣು ಯಂತ್ರದ ಮುಳ್ಳಿನ ಮೇಲೆ. ಕಾರಣ ಕೇಳಿದರೆ, "ಕೆಲಸ ಇದೆ." ಮತ್ತೆ ಕೇಳಿದರೆ, "ಹಡಗಿಗೆ ಟಿಕೆಟ್ ತಗೊಂಡಿದ್ದೀನಿ."

*

ಕೊನೆಯ ದಿನವೂ ಬಂತು. ಇನ್ನೊಂದೇ ಶಾಟು. ಬೋಗಿ ಒಡೆಯಲು ಬಡಗಿಗಳು ಸುತ್ತಿಗೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಹಡಗಿಗೆ ಹೋಗುವ ರೈಲು ಹಿಡಿಯಲು ವಿಲ್ಫ್ ಇಲ್ಲಿಂದಲೇ ಹೊರಡುವವನು. ಟ್ಯಾಕ್ಸಿಯೂ ಬಂದು ನಿಂತಿತ್ತು.

ಮೇಕಪ್ಪಿನ ಐವಿ ಡಿಲಿಸ್ ತುಟಿಗೆ ಸಾವಿನ ನೀಲಿ ಬಳಿಯುತ್ತ ಕೂತಿದ್ದಳು. ಐವಿಯ ಗಂಡ ಗಸ್, ಉದ್ದ ಕೋಲಿಗೆ ಮೈಕು ಕಟ್ಟಿಕೊಂಡು ನಟರ ತಲೆ ಮೇಲೆ ಹಿಡಿಯುವವನು, ವಿಲ್ಫ್‌ನ ಜೊತೆಗಾರ.

"ಅಳಬೇಡ್ವೇ, ಬಣ್ಣ ಇಳಿಯುತ್ತೆ," ಅಂದಳು ಐವಿ. "ಅಷ್ಟು ಸಂಕಟ ಇದ್ರೆ ಆ ಮಾತು ಯಾಕಾಡಿದೆ ಮಗಳೇ? ನನ್ನ ಗಂಡ ಇವತ್ತು ಊಟಕ್ಕೆ ಕೂತಾಗ ಬಾಯಿ ಬಿಟ್ಟ. ವಿಲ್ಫ್ ಕಿವಿಯಾರೆ ಕೇಳಿಸ್ಕೊಂಡನಂತೆ."

"ಯಾವ ಮಾತು?"

"ಅದೇ... 'ಪಾಪ, ಬಾಯಿಲ್ಲದವನು, ನಿಂತು ಕೇಳಿಸ್ಕೊಳ್ಳೋದೇ ಅವನ ಬಾಳು. ಕನಿಕರಕ್ಕೆ ನಕ್ಕೆ, ಪ್ರೀತಿ ಅಂದ್ಕೊಂಡ' ಅಂತ. ಚಹಾ ಹೊತ್ತಲ್ಲಿ ನೀನು ಬೋಗಿ ಒಳಗೆ ಯಾರಿಗೋ ಹೇಳ್ತಿದ್ದೆಯಂತೆ. ಮೈಕು ಅಲ್ಲೇ ನೇತಾಡ್ತಿತ್ತು, ಅವನು ಹೆಡ್‌ಫೋನ್ ಹಾಕ್ಕೊಂಡಿದ್ದ."

ಡಿಲಿಸ್‌ಗೆ ತಟ್ಟನೆ ಹೊಳೆಯಿತು.

ಆ ಮಾತು ಅವಳದಲ್ಲ. ಅವಳ ಪಾತ್ರದ್ದು. ಪೆನ್ರೋಸ್‌ಗೆ ಇದ್ದಕ್ಕಿದ್ದಂತೆ ಏನಾದರೂ ಹೊಳೆದರೆ ಸಂಭಾಷಣೆ ಬದಲಾಗುತ್ತಿತ್ತು, ಬದಲಾದ ಪುಟ ಗುಲಾಬಿ ಕಾಗದದಲ್ಲಿ ಬರುತ್ತಿತ್ತು. ಮೊದಲು ನಟರಿಗೆ, ಮರುದಿನ ಉಳಿದವರಿಗೆ. ವಿಲ್ಫ್ ನ್ಯೂಜಿಲೆಂಡಿನ ಮಾತೆತ್ತಿದ ಆ ಮಧ್ಯಾಹ್ನವೇ ಅವಳ ಕೈಗೆ ಅಂಥದೊಂದು ಪುಟ ಬಂದಿತ್ತು. ಸಾಯುವ ಹುಡುಗಿ, ಬೋಗಿ ನೋಡಿಕೊಳ್ಳುವ ಆಳಿನ ಬಗ್ಗೆ ಆಡುವ ಮಾತು. ಖಾಲಿ ಬೋಗಿಯಲ್ಲಿ ಕೂತು ಜೋರಾಗಿ ಹೇಳಿ ಕಲಿತಿದ್ದಳು. ಬೆಳಗಾಗುವುದರಲ್ಲಿ ಪೆನ್ರೋಸ್ ಆ ದೃಶ್ಯವನ್ನೇ ಕಿತ್ತುಹಾಕಿ, ಪುಟವನ್ನೂ ವಾಪಸು ಇಸಿದುಕೊಂಡಿದ್ದರು.

ಉಳಿದವರ ಕೈಗೆ ಆ ಪುಟ ಬರಲೇ ಇಲ್ಲ. ವಿಲ್ಫ್‌ನ ಕೈಗೂ.

ಕೂದಲಿಗೆ ಸಿಕ್ಕಿಸಿದ ಪಿನ್ನುಗಳೊಡನೆಯೇ ಓಡಿದಳು.

"ವಿಲ್ಫ್, ಅದು ಡೈಲಾಗು. ಸಿನಿಮಾದ್ದು. ನಿನ್ನ ಬಗ್ಗೆ ಅಲ್ಲ."

ಅವನು ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ. "ನಾನೂ ಹಾಗೇ ಅಂದ್ಕೊಂಡೆ. ಹಾಗೇ ಇರಲಪ್ಪಾ ಅಂತ ಸ್ಕ್ರಿಪ್ಟು ಪೂರ್ತಿ ತಿರುವಿ ಹಾಕ್ದೆ. ಎರಡು ಸಲ. ಎಲ್ಲೂ ಇಲ್ಲ ಆ ಮಾತು."

"ಗುಲಾಬಿ ಪುಟದಲ್ಲಿತ್ತು. ಆಮೇಲೆ ತೆಗೆದ್ರು..."

"ನೀವು ಒಳ್ಳೇ ನಟಿ. ಈಗಲೂ ಚೆನ್ನಾಗೇ ಹೇಳ್ತಿದ್ದೀರಿ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವನು ಹೆಡ್‌ಫೋನ್ ಏರಿಸಿಕೊಂಡ. ಮಾತು ಮುಗಿಯಿತು.

ಪೆನ್ರೋಸ್ ಬಳಿ ಓಡಿದಳು. "ಸಾರ್, ಆ ಗುಲಾಬಿ ಪುಟ... ವಿಲ್ಫ್‌ಗೆ ಒಂದು ಮಾತು ಹೇಳಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

"ಸತ್ತವಳು ಹೀಗೆಲ್ಲ ಓಡಾಡಬಾರದು ಕಣಮ್ಮ. ಯಾವ ಪುಟವೋ, ಯಾವ ಬಣ್ಣವೋ, ಶಾಟು ಆದ್ಮೇಲೆ ನೋಡೋಣ. ಮಲಕ್ಕೋ."

ಶಾಟು ಆದ ಮೇಲೆ ಟ್ಯಾಕ್ಸಿ ಇದೆ ಸಾರ್. ಶಾಟು ಆದ ಮೇಲೆ ಸಮುದ್ರ ಇದೆ... ಯಾರಿಗೆ ಹೇಳುವುದು? ಐವಿ ಬಂದು ಅವಳ ಎದೆಗೆ ಚಾಕು ಅಂಟಿಸಿದಳು. ಡಿಲಿಸ್ ಬರ್ತಿನ ಮೇಲೆ ಮಲಗಿದಳು.

*

ಪತ್ತೇದಾರನ ಪಾತ್ರದವನು ಅವಳ ಮೇಲೆ ಬಾಗಿ, "ಈ ಹುಡುಗಿಗೆ ಸತ್ಯ ಗೊತ್ತಿತ್ತು. ಹೇಳೋಕೆ ಯಾರೂ ಬಿಡಲಿಲ್ಲ," ಅಂದ. ಬೋಗಿ ಅಲ್ಲಾಡಿತು. ಮರ ಕಿರುಗುಟ್ಟುವಾಗ ಡಿಲಿಸ್ ಉಸಿರು ಬಿಟ್ಟಳು, ಅವನು ಕಲಿಸಿದ ಹಾಗೆಯೇ.

"ಕಟ್. ಬಹಳ ಚೆನ್ನಾಗಿ ಸತ್ತೆ ಮಗಳೇ," ಅಂದರು ಪೆನ್ರೋಸ್.

"ಗುಂಯ್ ತಗೋಬೇಕು," ಅಂದ ವಿಲ್ಫ್. ದನಿ ಒಡೆದಿತ್ತು.

ಎಲ್ಲರೂ ನಿಂತಲ್ಲೇ ನಿಂತರು. ಬಡಗಿಗಳು ಕೂಡ. ಗಸ್ ಹಿಡಿದ ಮೈಕು ಅವಳ ಮುಖದ ಮೇಲೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಇದೇ ಕೊನೆಯ ಮೌನ. ಇದಾದರೆ ಅವನು ಹೆಡ್‌ಫೋನ್ ತೆಗೆಯುತ್ತಾನೆ, ಕೋಟು ಹಾಕಿಕೊಳ್ಳುತ್ತಾನೆ, ಹೋಗುತ್ತಾನೆ. ಈ ಅರ್ಧ ನಿಮಿಷ ಮಾತ್ರ ಅವನು ಕೇಳಲೇಬೇಕು. ಕಿವಿ ಮುಚ್ಚಿಕೊಳ್ಳುವಂತಿಲ್ಲ.

ಗುಂಯ್ ಕೆಡಿಸಿದವರನ್ನು ಯಾವ ಸ್ಟುಡಿಯೋವೂ ಮತ್ತೆ ಕರೆಯುವುದಿಲ್ಲ. ಕರೆಯದಿದ್ದರೆ ಬೇಡ...

ಕಣ್ಣು ಮುಚ್ಚಿಕೊಂಡೇ ಹೆಣ ಬಾಯಿ ತೆರೆಯಿತು.

"ಪಾಪ, ಬಾಯಿಲ್ಲದವನು. ನಿಂತು ಕೇಳಿಸ್ಕೊಳ್ಳೋದೇ ಅವನ ಬಾಳು."

ಯಾರೋ ಉಸಿರು ಎಳೆದುಕೊಂಡರು.

"ಕನಿಕರಕ್ಕೆ ನಕ್ಕೆ, ಪ್ರೀತಿ ಅಂದ್ಕೊಂಡ." ಅಂದು ಕಲಿತ ಏರಿಳಿತದಲ್ಲೇ ಹೇಳಿದಳು. "ಇಲ್ಲಿಗೆ ನೀನು ಹೆಡ್‌ಫೋನ್ ಕಿತ್ತುಹಾಕಿದೆ ಅಲ್ವಾ ವಿಲ್ಫ್? ಆಮೇಲಿನದು ಕೇಳಿಸ್ಕೊಳ್ಳಲಿಲ್ಲ. ಈಗ ಕೇಳಿಸ್ಕೋ. 'ಆ ಬೆನೆಟ್‌ಗೆ ಹೇಳ್ಬಿಡಿ, ರೈಲು ಎಡಿನ್‌ಬರೋ ಮುಟ್ಟೋವರೆಗೂ ನನ್ನ ಬಾಗಿಲ ಹತ್ರ ಸುಳೀಬಾರದು. ಟಿಕೆಟ್ ನೋಡೋ ಆಳು, ಟಿಕೆಟ್ ನೋಡಲಿ ಸಾಕು.' ಬೆನೆಟ್ ಕಣೋ. ಬೋಗಿ ಆಳು. ನೀನಲ್ಲ."

ಯಂತ್ರದ ಚಕ್ರ ತಿರುಗುವ ಸದ್ದು ಮಾತ್ರ.

"ಇಲ್ಲಿಂದ ಮುಂದಕ್ಕೆ ಯಾರೂ ಬರೆದುಕೊಟ್ಟಿಲ್ಲ," ಅಂದಳು. ಕಣ್ಣಿನ ಅಂಚಿಂದ ನೀರು ಕಿವಿಗೆ ಇಳಿಯುತ್ತಿತ್ತು. "ನಾಳೆ ಹೇಳ್ತೀನಿ ಅಂದಿದ್ದೆ. ತಪ್ಪಾಯ್ತು, ಅವತ್ತೇ ಹೇಳಬೇಕಿತ್ತು. ಬೇಡ ಅನ್ನು ಅವರಿಗೆ. ಹೋಗಬೇಡ. ನೀನು ಹೋದ್ರೆ ನಾನು ಉಸಿರಾಡಿದ್ದು ಯಾರಿಗೂ ಗೊತ್ತೇ ಆಗಲ್ಲ ವಿಲ್ಫ್..."

ಪೆನ್ರೋಸ್ ಗುಡುಗಿದರು. "ಅಯ್ಯೋ, ಆ ಟಿಕೆಟ್ ಮಾತು ನಂದೇ ಕಣಯ್ಯ. ಗುಲಾಬಿ ಪುಟ. ಅಷ್ಟು ಕೆಟ್ಟದಾಗಿ ನನ್ನ ಬಿಟ್ಟು ಇನ್ಯಾರು ಬರೀತಾರೆ? ನಾಚಿಕೆಯಾಗಿ ನಾನೇ ಕಿತ್ತುಹಾಕ್ದೆ."

ಗಸ್‌ನ ಕೋಲು ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಕಿಟಕಿಯಲ್ಲಿ ಉದ್ದ ಮುಖ ಕಾಣಿಸಿತು. ಹೆಡ್‌ಫೋನ್ ಇನ್ನೂ ಕಿವಿಯ ಮೇಲೆಯೇ, ಎಳೆದು ತಂದ ತಂತಿ ಹಿಂದೆ ಬಿಗಿದು ನಿಂತಿತ್ತು.

ವಿಲ್ಫ್ ಅಳುತ್ತಿದ್ದ. ಅಳುವುದು ಅವನಿಗೆ ಅಭ್ಯಾಸವಿರಲಿಲ್ಲ, ಮುಖವೆಲ್ಲ ಓರೆಯಾಗಿತ್ತು.

"ಇನ್ನೊಂದು ಸಾಲು ಕೇಳಿದ್ರೆ ಸಾಕಿತ್ತು," ಅಂದ. "ಹೆಸರು ಬರೋವರೆಗೆ ಕಾಯ್ಬೇಕಿತ್ತು. ಆಗಲಿಲ್ಲ ಡಿಲಿಸ್. ಕೇಳೋದೇ ನನ್ನ ಕೆಲಸ, ನಿನ್ನ ಮಾತು ಮಾತ್ರ ಪೂರ್ತಿ ಕೇಳಿಸ್ಕೊಳ್ಳೋಕೆ ಧೈರ್ಯ ಬರಲಿಲ್ಲ."

ನಿನ್ನ. ಆ ಒಂದು ಪದಕ್ಕೆ ಅವಳ ಎದೆ ಕರಗಿ ನೀರಾಯಿತು.

ಹೊರಗೆ ಟ್ಯಾಕ್ಸಿಯ ಹಾರನ್ನು.

ಹೋಗ್ತೀಯಾ ಅಂತ ಡಿಲಿಸ್ ಕೇಳಲಿಲ್ಲ. ಕೇಳಿಬಿಟ್ಟರೆ ಏನು ಉತ್ತರ ಬರುತ್ತದೋ. ಬರ್ತಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಐವಿ," ಅಂದ ವಿಲ್ಫ್, ಡಿಲಿಸ್ ಮುಖದಿಂದ ಕಣ್ಣು ತೆಗೆಯದೆ. "ಆ ಟ್ಯಾಕ್ಸಿಯವನನ್ನ ಕಳಿಸ್ಬಿಡ್ತೀಯಾ?"

"ಪೆಟ್ಟಿಗೆ ಇಳಿಸ್ಲಾ?"

"ಇಳಿಸು."

ಐವಿ ಓಡಿದಳು, ಓಡುತ್ತಲೇ ಗಂಡನ ಬೆನ್ನಿಗೊಂದು ಗುದ್ದಿದಳು. "ಮೊದಲೇ ಹೇಳೋಕೇನಾಗಿತ್ತು ನಿಂಗೆ, ಮೂಗ."

ಡಿಲಿಸ್ ಎದ್ದು ಕೂತಳು. ಎದೆಯ ಚಾಕು ಕಳಚಿ ಮಡಿಲಿಗೆ ಬಿತ್ತು. ವಿಲ್ಫ್ ಕಿಟಕಿಯಿಂದ ಕೈ ಚಾಚಿ, ನೀಲಿ ಬಳಿದ ಅವಳ ತುಟಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ.

"ನಿನ್ನ ಮೌನ ಕೆಡಿಸ್ಬಿಟ್ಟೆ," ಅಂದಳು.

"ಅದನ್ನ ಅಳಿಸಲ್ಲ, ಇಟ್ಕೋತೀನಿ. ಇನ್ನೊಂದು ತಗೊಂಡ್ರಾಯ್ತು."

"ಅದರಲ್ಲೂ ಉಸಿರಾಡಿಬಿಟ್ರೆ?"

"ಕೇಳಿಸುತ್ತೆ." ಒದ್ದೆ ಮುಖದಲ್ಲೇ ಅವನು ನಕ್ಕ. "ಹೇಳಲ್ಲ."

ಬೆರಳಿಗೆ ಬೆರಳು ಹೆಣೆದುಕೊಂಡೇ ಅವನು ಇನ್ನೊಂದು ಕೈ ಎತ್ತಿದ. ಎಲ್ಲರೂ ಮತ್ತೆ ನಿಂತಲ್ಲೇ ನಿಂತರು.

ಮೌನ ಇನ್ನೇನು ಮುಗಿಯಬೇಕು, ಪೆಟ್ಟಿಗೆ ಹೊತ್ತು ಒಳಗೆ ಬಂದ ಐವಿ ಜೋರಾಗಿ ಮೂಗು ಸೀನಿಕೊಂಡಳು. ವಿಲ್ಫ್ ಯಂತ್ರ ನಿಲ್ಲಿಸಲಿಲ್ಲ.