ಓದದೆ ಬಿಟ್ಟ ಕೊಲೆ

ಪುಸ್ತಕದಿಂದ ಒಂದು ಕೊಲೆ ಕಾಣೆಯಾಗಿತ್ತು!

ಸಂಗತಿ ಬಯಲಾದದ್ದು ಪುಸ್ತಕದಂಗಡಿಯವನ ಬಾಯಿಂದ. ಇದೇ ಊರಿನ ಬೀದಿಗಳಲ್ಲಿ ನಡೆಯುವ ಕೊಲೆ ಕಥೆಗಳ ಸಂಕಲನವೊಂದನ್ನು ನಿವೃತ್ತ ಇನ್ಸ್‌ಪೆಕ್ಟರಿಗೆ ತಂದುಕೊಟ್ಟವನೇ ಅವನು. ಇನ್ಸ್‌ಪೆಕ್ಟರಿಗೆ ಈಗ ಕಣ್ಣು ಕಾಣಿಸುವುದಿಲ್ಲ. ದಿನಾ ಮಧ್ಯಾಹ್ನ ಹೆಂಡತಿ ಒಂದೊಂದು ಕಥೆ ಓದಿ ಹೇಳುತ್ತಿದ್ದಳು. ಇವರು ಆರಾಮಕುರ್ಚಿಯಲ್ಲಿ ಒರಗಿ, ಒಂದು ಕಾಲಕ್ಕೆ ಬೂಟು ಸವೆಸಿದ ಬೀದಿಗಳಲ್ಲಿ ಮತ್ತೆ ತಿರುಗಾಡಿ ಬರುತ್ತಿದ್ದರು. ನಿನ್ನೆಗೆ ಪುಸ್ತಕ ಮುಗಿದಿತ್ತು. ಇವತ್ತು ಅಂಗಡಿಯವನು ಮನೆಗೆ ಬಂದು ವಿಚಾರಿಸಿದ:

“ಗಡಿಯಾರ ರಿಪೇರಿ ಅಂಗಡಿ ಮಹಡಿ ಮೇಲಿನ ಕೊಲೆ ಹೇಗಿತ್ತು ಸಾರ್?”

“ಅಂಥ ಕಥೆ ಅದ್ರಲ್ಲಿ ಇಲ್ವಲ್ಲಯ್ಯ!”

“ಇಲ್ದೆ ಏನು? ನಾನೇ ಓದಿದೀನಿ.”

ಅವನು ಹೋದ ಮೇಲೂ ಇನ್ಸ್‌ಪೆಕ್ಟರಿಗೆ ಸಮಾಧಾನವಿಲ್ಲ. ಆ ಮಹಡಿಯ ಒಂದೇ ಕೋಣೆಯಲ್ಲಿ ಅವರು ಹೊಸದಾಗಿ ಸಂಸಾರ ಹೂಡಿದ್ದು. ಊರೆಲ್ಲ ಸುತ್ತಿ ಸ್ವಂತ ಮನೆಗೆ ಹೋಗದೆ ಬಂದಂತಾಯಿತು. ಪುಸ್ತಕದ ಹೊಲಿಗೆಯನ್ನು ಬೆರಳಿಂದ ತಡವಿದರು. ಹಾಳೆ ಹರಿದ ಗುರುತಿಲ್ಲ.

“ಏನೇ, ಬಾ ಇಲ್ಲಿ. ಒಂದು ಕಥೆ ಬಿಟ್ಟೆಯಾ?”

“ನಾನ್ಯಾಕೆ ಬಿಡ್ಲಿ? ದಿನಕ್ಕೊಂದು ಕೇಳಿದೀರಲ್ಲ!”

“ಮೊನ್ನೆ ಓದಿದೆಯಲ್ಲ, ಕೊಡೆ ಕಳೆದ ಕಥೆ—ಅದೂ ಪುಸ್ತಕದ್ದೇನಾ?”

“ಮತ್ತೆ? ನನ್ನ ತಲೆಯಿಂದ ಉದುರುತ್ತಾ?”

“ಉದುರಿದೆ! ಉಳಿದ ಕಥೆಗಳಲ್ಲೆಲ್ಲ ಹೆಣದ ಮೇಲೆ ಹೆಣ. ಇದ್ರಲ್ಲಿ ಕೊಡೆ ಕಳೀತು, ಪೊಲೀಸಿನವನು ಹುಡುಕಿಕೊಟ್ಟ, ಮುಗೀತು. ಅದಾದ್ರೂ ಹೋಗ್ಲಿ. ಅಷ್ಟು ಹೊತ್ತು ಓದಿದೆ—ಒಂದು ಸಲವೂ ಹಾಳೆ ತಿರುವಿದ ಸದ್ದಾಗ್ಲಿಲ್ಲ. ಕುರುಡನ ಕಿವಿ ಕಣೇ ಇದು! ಆಗ ನಾನು ಲಕ್ಷ್ಯ ಕೊಡ್ಲಿಲ್ಲ. ಕಥೆ ಕದ್ದವಳು ನೀನೇ. ಯಾಕೆ?”

ಆಕೆ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡಳು.

“ಆ ಕಥೆ ಬರೆದ ಪುಣ್ಯಾತ್ಮ ನಮ್ಮ ಕೋಣೇಲೇ ಹೆಣ ಬೀಳಿಸಿದಾನೆ ಕಣ್ರೀ. ಕಿಟಕಿ ಪಕ್ಕ, ನಮ್ಮ ಮಂಚ ಇದ್ದ ಜಾಗದಲ್ಲೇ. ಆ ಕಟ್ಟಡ ಕೆಡವಿ ಎಷ್ಟೋ ವರ್ಷ ಆಯ್ತು. ಈಗ ಆ ಕೋಣೆ ಉಳಿದಿರೋದು ನಿಮ್ಮ ತಲೆಯೊಳಗೆ, ನನ್ನ ತಲೆಯೊಳಗೆ. ಅಲ್ಲೂ ರಕ್ತ ಚೆಲ್ಲೋದಾ?”

ಎಂತೆಂಥ ಖದೀಮರ ಬಾಯಿ ಬಿಡಿಸಿದ ಇನ್ಸ್‌ಪೆಕ್ಟರು ಕೈ ಚಾಚಿ ತಡಕಾಡಿದರು. ಆಕೆಯ ಕೈ ಸಿಕ್ಕಿತು.

“ಆ ಕಥೆ ಬೇಡ ಬಿಡು,” ಎಂದರು. “ಕಿಟಕಿಗೆ ಯಾವ ಬಣ್ಣ ಇತ್ತು ಹೇಳು. ನನಗೆ ಮರೆತುಹೋಗ್ತಾ ಇದೆ ಕಣೇ.”

ಆಕೆ ಪುಸ್ತಕ ಪಕ್ಕಕ್ಕಿಟ್ಟು, ಕುರ್ಚಿ ಹತ್ತಿರಕ್ಕೆಳೆದುಕೊಂಡು, ಮೊದಲು ಮೆಟ್ಟಿಲಿನಿಂದ ಶುರುಮಾಡಿದಳು.